ರಾತ್ರಿ ಫ್ರಿಜ್ ನಿಂತಿತು, ಬೆಳಗ್ಗೆ ಸೆಲ್ಫ್ ಎಳೆಯಲಿಲ್ಲ: ದೂರ ಪ್ರಯಾಣದ ಗಾಡಿಯಲ್ಲಿ ಕರೆಂಟ್ ದೋಷ ಹುಡುಕುವ ಬಗೆ

ಮರವಂತೆಯ ಹತ್ತಿರ ಪರಿಚಯದವರ ತೆಂಗಿನ ತೋಟದಲ್ಲಿ ಗಾಡಿ ನಿಲ್ಲಿಸಿ ಮಲಗಿದ್ದೆವು, ನಾನು ಮತ್ತು ನನ್ನ ಭಾವ. ಮಂಗಳೂರಿನಿಂದ ಗುಜರಾತಿನ ಕಛ್‌ವರೆಗೆ ಗಾಡಿಯಲ್ಲೇ ಹೋಗಿ ಬರುವುದು, ಗಾಡಿಯಲ್ಲೇ ಮಲಗುವುದು, ಅಡುಗೆ ನಾವೇ ಮಾಡಿಕೊಳ್ಳುವುದು ಅಂತ ನಮ್ಮ ಲೆಕ್ಕ. ಬರುವ ದಾರಿಯಲ್ಲಿ ಮಲ್ಪೆಗೆ ಹೋಗಿ ಒಂದು ಅಂಜಲ್ ಮೀನು ಕೊಂಡು, ತುಂಡು ಮಾಡಿಸಿ, ಗಾಡಿಯ ಪುಟ್ಟ ಫ್ರಿಜ್‌ನಲ್ಲಿ ಇಟ್ಟಿದ್ದೆವು. ಬೆಳಗ್ಗೆ ಮುಚ್ಚಳ ತೆಗೆದ ಕೂಡಲೇ ವಾಸನೆ ಮೂಗಿಗೆ ಬಡಿಯಿತು. ಫ್ರಿಜ್ ರಾತ್ರಿಯೇ ನಿಂತುಹೋಗಿತ್ತು. ಕೀ ತಿರುಗಿಸಿದರೆ ಸೆಲ್ಫ್ (ಎಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಮೋಟಾರ್) ಎರಡು ಸಲ ಭಾರವಾಗಿ ಎಳೆದು ಸುಮ್ಮನಾಯಿತು.

ತೋಟದವರನ್ನೂ ಸೇರಿಸಿಕೊಂಡು ತಳ್ಳಿ ಸ್ಟಾರ್ಟ್ ಮಾಡಿದೆವು. ಮುಂದಿನ ಪೇಟೆಯಲ್ಲಿ ಬ್ಯಾಟರಿ ಅಂಗಡಿಗೆ ಹೋದೆವು. "ಬ್ಯಾಟರಿ ಹೋಗಿದೆ" ಅಂದರು. ಏಳು ಸಾವಿರ ಚಿಲ್ಲರೆ ಕೊಟ್ಟು ಹೊಸದು ಹಾಕಿಸಿದೆವು. ಕಾರವಾರದಲ್ಲಿ ಎರಡು ರಾತ್ರಿ ಕಳೆಯಿತು. ಎರಡನೇ ಬೆಳಗ್ಗೆ ಮತ್ತೆ ಅದೇ ಕಥೆ. ಹೊಸ ಬ್ಯಾಟರಿ, ಅದೇ ಭಾರದ ಸೆಲ್ಫ್. ಗುಜರಾತಿನ ಉಪ್ಪು ಬಯಲಲ್ಲಿ ಹೀಗಾದರೆ ತಳ್ಳಲು ಯಾರು ಸಿಗುತ್ತಾರೆ? ವಾಪಸ್ ತಿರುಗಿಸಿದೆವು.

ಉಡುಪಿಯಲ್ಲಿ ವಯಸ್ಸಾದ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಬಾನೆಟ್ ಎತ್ತಿ ನೋಡಿದರು. "ಹೊಸ ಬ್ಯಾಟರಿ ಯಾಕೆ ಹಾಕಿಸಿದ್ದು ಮಾರಾಯ್ರೆ? ಹಳೆಯದನ್ನು ಅಳೆದು ನೋಡಿದ್ದೀರಾ?" ಅಂತ ಕೇಳಿದರು. ನಾವು ನೋಡಿರಲಿಲ್ಲ. ಅವರು ಒಂದು ಕಪ್ಪು ಜಂಪರ್ ಕೇಬಲ್ ತೆಗೆದು, ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ತುದಿಯನ್ನು ಎಂಜಿನ್ನಿನ ಮೇಲಿನ ಕಬ್ಬಿಣದ ಕೊಕ್ಕೆಗೆ ಕಚ್ಚಿಸಿದರು. "ಈಗ ಹೊಡೀರಿ" ಅಂದರು. ಒಂದೇ ಏಟಿಗೆ ಸ್ಟಾರ್ಟ್ ಆಯಿತು.

ದೋಷ ಇದ್ದದ್ದು ಎಂಜಿನ್ನನ್ನು ಗಾಡಿಯ ಬಾಡಿಗೆ ಸೇರಿಸುವ ಅರ್ತ್ ಪಟ್ಟಿಯಲ್ಲಿ. ಅರ್ತ್ ಅಂದರೆ ಕರೆಂಟ್ ಬ್ಯಾಟರಿಯ ಮೈನಸ್‌ಗೆ ವಾಪಸ್ ಹೋಗುವ ದಾರಿ. ತಾಮ್ರದ ಸಣ್ಣ ಎಳೆಗಳನ್ನು ಜಡೆಯ ಹಾಗೆ ಹೆಣೆದ, ಹೆಬ್ಬೆರಳಿನಷ್ಟು ಅಗಲದ ಪಟ್ಟಿ ಅದು. ಮೇಲಿಂದ ನೋಡಿದರೆ ಸ್ವಲ್ಪ ಕಪ್ಪಾಗಿತ್ತು ಅಷ್ಟೇ. ಬಿಚ್ಚಿ ಕೈಯಲ್ಲಿ ಮಡಚಿದಾಗ ಎಳೆಗಳ ನಡುವಿನಿಂದ ಹಸಿರು ಕಿಲುಬು ಪುಡಿಪುಡಿಯಾಗಿ ಅಂಗೈ ಮೇಲೆ ಉದುರಿತು. ಲಗ್ (ಬೋಲ್ಟಿಗೆ ಸೇರಿಸಲು ತುದಿಯಲ್ಲಿರುವ ಲೋಹದ ಬಳೆ) ಹತ್ತಿರದ ಮುಕ್ಕಾಲು ಪಾಲು ಎಳೆಗಳು ತುಂಡಾಗಿದ್ದವು. ಉಳಿದ ಕೆಲವೇ ಎಳೆಗಳ ಮೇಲೆ ಇಡೀ ಗಾಡಿಯ ಕರೆಂಟ್ ಓಡಾಡುತ್ತಿತ್ತು.

ಆಮೇಲೆ ನಾನು ಈ ವಿಷಯದ ಬೆನ್ನು ಹತ್ತಿದೆ. ನಮ್ಮ ಕರಾವಳಿಯ ಗಾಡಿಗಳಲ್ಲಿ ಬ್ಯಾಟರಿ ಹೆಸರಿನಲ್ಲಿ ಆಗುವ ಖರ್ಚು ಎಷ್ಟೋ ಸಲ ಜೋಡಣೆಗಳ ತಪ್ಪಿಗೆ ತೆರುವ ದಂಡ. ಹಾಗಾಗಿ ದೂರ ಹೊರಡುವವರು ಸ್ವತಃ ಅಳೆದು ನೋಡಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಇಲ್ಲೇ ಯಾಕೆ ಜಾಸ್ತಿ

ಸಮುದ್ರದ ಗಾಳಿಯಲ್ಲಿ ಉಪ್ಪಿನ ಸಣ್ಣ ಹನಿಗಳಿರುತ್ತವೆ. ಅವು ಲೋಹದ ಮೇಲೆ ಕೂತು ತೇವವನ್ನು ಎಳೆದುಕೊಳ್ಳುತ್ತವೆ. ತೇವ, ಉಪ್ಪು, ಜೊತೆಗೆ ಒಂದಕ್ಕೊಂದು ತಾಗಿಕೊಂಡ ಎರಡು ಬೇರೆ ಲೋಹಗಳು. ಇವು ಮೂರೂ ಸೇರಿದರೆ ಜೋಡಣೆ ಸವೆಯುತ್ತಾ ಹೋಗುತ್ತದೆ. ಅರ್ತ್ ಬೋಲ್ಟ್‌ನಲ್ಲಿ ತಾಮ್ರದ ಲಗ್ ಕಬ್ಬಿಣದ ಬಾಡಿಗೆ ತಾಗಿರುತ್ತದೆ, ಟರ್ಮಿನಲ್‌ನಲ್ಲಿ ಸೀಸಕ್ಕೆ ಹಿತ್ತಾಳೆ. ಅದರ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಘಾಟಿ ರಸ್ತೆಯ ಕುಲುಕಾಟ ಬೇರೆ: ಎಂಜಿನ್ ಅಲ್ಲಾಡಿದಷ್ಟೂ ಸಲ ಆ ಪಟ್ಟಿ ಮಡಚಿ ಬಿಡಿಸಿಕೊಳ್ಳುತ್ತದೆ. ಪಣಂಬೂರು, ಕಾಪು, ಮರವಂತೆ ಕಡೆ ಮರಳಿಗೆ ಗಾಡಿ ಇಳಿಸಿ ತೊಳೆಯದೆ ಬಿಟ್ಟರಂತೂ ಕೇಳುವುದೇ ಬೇಡ. ಉಪ್ಪುಮರಳು ಚಾಸಿಯ ಮೂಲೆಗಳಲ್ಲಿ ಕೂತುಬಿಡುತ್ತದೆ.

ಕೈಯಲ್ಲಿ ಏನಿರಬೇಕು

ಒಂದು ಮಲ್ಟಿಮೀಟರ್. ಐನೂರು, ಆರುನೂರು ರೂಪಾಯಿಯದ್ದೇ ಸಾಕು. ಡಿಸಿ 20 ವೋಲ್ಟ್‌ನಲ್ಲಿ ಎರಡು ದಶಮಾಂಶ ತೋರಿಸಿದರೆ ಆಯಿತು. 10, 12, 13 ನಂಬರ್ ಸ್ಪ್ಯಾನರ್, ವೈರ್ ಬ್ರಶ್, ಸ್ಯಾಂಡ್ ಪೇಪರ್, ಅಡುಗೆ ಸೋಡ, ಒಳ್ಳೆಯ ದಪ್ಪದ ಜಂಪರ್ ಕೇಬಲ್. ಈ ಕೇಬಲ್ ವಿಷಯದಲ್ಲಿ ಮಾತ್ರ ಕಂಜೂಸಿ ಮಾಡಬೇಡಿ. ಹೊರಗಿನ ರಬ್ಬರ್ ದಪ್ಪ, ಒಳಗೆ ನಾಲ್ಕು ಎಳೆ ತಾಮ್ರ ಅನ್ನುವಂಥವು ಬಹಳ ಸಿಗುತ್ತವೆ. ತುದಿಯ ಕ್ಲಿಪ್ ಬಿಚ್ಚಿ ಒಳಗಿನ ತಾಮ್ರ ನೋಡಿಯೇ ಕೊಳ್ಳಿ.

ಕೆಲಸಕ್ಕೆ ಮೊದಲು ವಾಚು, ಉಂಗುರ, ಬಳೆ ತೆಗೆದಿಡಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಮೀಟರ್ ವೈರ್ ಫ್ಯಾನು, ಬೆಲ್ಟ್ ಕಡೆ ಹೋಗದ ಹಾಗೆ ನೋಡಿಕೊಳ್ಳಿ. ಬ್ಯಾಟರಿ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಚಾರ್ಜ್ ಆಗುತ್ತಿರುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಆದ್ದರಿಂದ ಅದರ ಹತ್ತಿರ ಬೀಡಿ, ಬೆಂಕಿ, ಕಿಡಿ ಬೇಡ.

ಮೊದಲು ಲಕ್ಷಣ ಗಮನಿಸಿ

ಕೀ ತಿರುಗಿಸಿದಾಗ ಏನಾಗುತ್ತದೆ? ಮೀಟರ್ ತೆಗೆಯುವ ಮೊದಲೇ ಅರ್ಧ ಉತ್ತರ ಇಲ್ಲಿ ಸಿಗುತ್ತದೆ.

ಸೆಲ್ಫ್ ನಿಧಾನಕ್ಕೆ ಭಾರವಾಗಿ ತಿರುಗುತ್ತದೆ, ಒಳಗಿನ ಲೈಟ್ ಕೂಡ ಪೂರ್ತಿ ಮಂಕಾಗುತ್ತದೆ: ಬ್ಯಾಟರಿಯಲ್ಲಿ ಚಾರ್ಜ್ ಇಲ್ಲ, ಇಲ್ಲವೇ ಬ್ಯಾಟರಿಯೇ ಮುದಿಯಾಗಿದೆ. ಸೆಲ್ಫ್ ಭಾರ, ಆದರೆ ಲೈಟ್ ಹೆಚ್ಚು ಮಂಕಾಗುವುದಿಲ್ಲ: ಬ್ಯಾಟರಿ ಸರಿ ಇದೆ, ಕರೆಂಟ್ ದಾರಿಯಲ್ಲಿ ತಡೆಯುತ್ತಿದೆ. ಒಂದೇ ಒಂದು 'ಟಕ್' ಸದ್ದು ಬಂದು ನಿಂತರೆ ಸೆಲ್ಫ್ ಮೋಟಾರ್, ಅದಕ್ಕೆ ಕರೆಂಟ್ ಬಿಡುವ ಸ್ವಿಚ್ಚಾದ ಸೊಲೆನಾಯ್ಡ್, ಅಥವಾ ದೊಡ್ಡ ಕೇಬಲ್. 'ಟಕಟಕಟಕ' ಅಂತ ಬೇಗಬೇಗ ಬಡಿದರೆ ಹೆಚ್ಚಾಗಿ ಖಾಲಿ ಬ್ಯಾಟರಿ. ಸದ್ದೇ ಇಲ್ಲ, ಡ್ಯಾಶ್ ಲೈಟೂ ಇಲ್ಲ ಅಂದರೆ ಟರ್ಮಿನಲ್ ಸಡಿಲ ಅಥವಾ ಮುಖ್ಯ ಫ್ಯೂಸ್. ಗಾಡಿ ಸರಿಯಾಗಿ ಸ್ಟಾರ್ಟ್ ಆಗುತ್ತದೆ, ಫ್ರಿಜ್ ಮಾತ್ರ ನಿಲ್ಲುತ್ತದೆ ಅನ್ನುವವರು ನೇರ ಫ್ರಿಜ್ ಭಾಗಕ್ಕೆ ಹೋಗಿ.

ಇನ್ನೊಂದು ಲಕ್ಷಣ ಇದೆ. ನಮ್ಮ ಗಾಡಿಯಲ್ಲೇ ಆಗಿತ್ತು, ಆಗ ಅರ್ಥ ಆಗಿರಲಿಲ್ಲ. ಎರಡು ಮೂರು ಸಲ ಸೆಲ್ಫ್ ಹೊಡೆದ ಮೇಲೆ ಆಕ್ಸಿಲರೇಟರ್ ಕೇಬಲ್ ಮುಟ್ಟಿದರೆ ಬಿಸಿಯಾಗಿತ್ತು. ಎಂಜಿನ್ನಿನ ಅರ್ತ್ ಕೆಟ್ಟಾಗ ಕರೆಂಟ್ ಬೇರೆ ದಾರಿ ಹುಡುಕುತ್ತದೆ. ಹಳೆಯ ಗಾಡಿಗಳಲ್ಲಿ ಆಕ್ಸಿಲರೇಟರ್ ಕೇಬಲ್, ಕ್ಲಚ್ ಕೇಬಲ್, ಗೇರ್ ಕೇಬಲ್ಲುಗಳ ಉಕ್ಕಿನ ತಂತಿಯ ಮೂಲಕ ಓಡುತ್ತದೆ. ಸ್ಟಾರ್ಟ್ ಮಾಡಿದ ಮೇಲೆ ಯಾವುದೇ ಕೇಬಲ್ ಬಿಸಿಯಾಗಿ ಕಂಡರೆ ಬೇರೆಲ್ಲ ಬಿಟ್ಟು ಮೊದಲು ಅರ್ತ್ ನೋಡಿ.

ನಿಂತ ಗಾಡಿಯ ವೋಲ್ಟೇಜ್

ರಾತ್ರಿ ಗಾಡಿ ನಿಲ್ಲಿಸಿ, ಬೆಳಗ್ಗೆ ಬಾಗಿಲು ತೆಗೆಯುವುದಕ್ಕೂ ಮೊದಲು ಅಳೆದರೆ ಒಳ್ಳೆಯದು. ಬಾನೆಟ್ ಲಿವರ್ ಒಳಗಿದ್ದರೆ ಹಿಂದಿನ ರಾತ್ರಿಯೇ ಎಳೆದಿಡಿ. ಓಡಿಸಿ ನಿಲ್ಲಿಸಿದ ತಕ್ಷಣ ಅಳೆದ ಅಂಕಿ ನಂಬಬೇಡಿ, ಆಗ ಮೇಲ್ಮೈ ಚಾರ್ಜ್‌ನಿಂದ ವೋಲ್ಟ್ ಜಾಸ್ತಿ ತೋರಿಸುತ್ತದೆ.

ಸೀಸದ ಬ್ಯಾಟರಿಗೆ 12.6 ಅಥವಾ 12.7 ವೋಲ್ಟ್ ಅಂದರೆ ತುಂಬಿದೆ. 12.4 ಮುಕ್ಕಾಲು. 12.2 ಅರ್ಧ. 12.0 ಕಾಲು ಭಾಗ. 11.8ಕ್ಕೆ ಇಳಿದರೆ ಖಾಲಿ ಅಂತಲೇ ಲೆಕ್ಕ. ಅರ್ಧಕ್ಕಿಂತ ಕೆಳಗೆ ಪದೇಪದೇ ಇಳಿಸಿದರೆ ಸ್ಟಾರ್ಟಿಂಗ್ ಬ್ಯಾಟರಿ ಬೇಗ ಹಾಳಾಗುತ್ತದೆ. ಮುಚ್ಚಳ ತೆಗೆಯಲು ಬರುವ ಬ್ಯಾಟರಿ ಆದರೆ ಹೈಡ್ರೋಮೀಟರ್ (ಒಳಗಿನ ಆಸಿಡ್ಡಿನ ಸಾಂದ್ರತೆ ಅಳೆಯುವ ಸಾಧನ) ಇನ್ನೂ ನಂಬಿಕಸ್ತ. ತುಂಬಿದ ಸೆಲ್ 1.265ರ ಆಸುಪಾಸು ತೋರಿಸುತ್ತದೆ. ಆರರಲ್ಲಿ ಐದು ಸೆಲ್ ಸರಿ ಇದ್ದು ಒಂದು ಮಾತ್ರ ತೀರಾ ಕೆಳಗಿದ್ದರೆ ಆ ಬ್ಯಾಟರಿ ನಿಜವಾಗಿಯೂ ಮುಗಿದಿದೆ, ಬದಲಿಸಿ.

12.2ಕ್ಕಿಂತ ಕಡಿಮೆ ಇದ್ದರೆ ಮುಂದಿನ ಪರೀಕ್ಷೆ ಈಗಲೇ ಮಾಡಬೇಡಿ. ಮೊದಲು ಚಾರ್ಜರ್ ಹಾಕಿ ತುಂಬಿಸಿ. ಖಾಲಿ ಬ್ಯಾಟರಿ ಇಟ್ಟುಕೊಂಡು ಉಳಿದದ್ದನ್ನು ಅಳೆದರೆ ಎಲ್ಲ ಅಂಕಿಯೂ ದಾರಿ ತಪ್ಪಿಸುತ್ತವೆ.

ಸೆಲ್ಫ್ ಹೊಡೆಯುವಾಗ ಅಳೆಯಿರಿ

ಇಲ್ಲಿ ಇಬ್ಬರು ಬೇಕು. ಒಬ್ಬರು ಕೀ, ಒಬ್ಬರು ಮೀಟರ್. ಮೀಟರಿನ ಕಡ್ಡಿಗಳನ್ನು ಬ್ಯಾಟರಿಯ ಸೀಸದ ಗೂಟಕ್ಕೇ ಒತ್ತಿ, ಅದರ ಮೇಲೆ ವೈರ್ ಹಿಡಿದಿರುವ ಕ್ಲಾಂಪಿಗಲ್ಲ. ಮೂರು ನಾಲ್ಕು ಸೆಕೆಂಡು ಸೆಲ್ಫ್ ಹೊಡೆಸಿ, ಅತಿ ಕಡಿಮೆ ಅಂಕಿ ಎಷ್ಟು ಅಂತ ನೋಡಿ.

9.6 ವೋಲ್ಟ್‌ಗಿಂತ ಕೆಳಗೆ ಬಿದ್ದರೆ ಬ್ಯಾಟರಿಯ ಮೇಲೆ ಅನುಮಾನ ಪಡಬಹುದು. 10.5, 11 ಅಂತ ಗಟ್ಟಿಯಾಗಿ ನಿಂತೂ ಸೆಲ್ಫ್ ಭಾರವಾಗಿ ಎಳೆದರೆ ಬ್ಯಾಟರಿ ತಪ್ಪಿಲ್ಲ. ಬ್ಯಾಟರಿ ಕೊಡಲು ತಯಾರಿದೆ, ತಲುಪುತ್ತಿಲ್ಲ. ನಮ್ಮ ಗಾಡಿಯಲ್ಲಿ 11.3 ಇತ್ತು. ಮರವಂತೆಯಲ್ಲಿ ಇದೊಂದು ಅಂಕಿ ನಮ್ಮ ಕೈಯಲ್ಲಿ ಇದ್ದಿದ್ದರೆ ಏಳು ಸಾವಿರ ಉಳಿಯುತ್ತಿತ್ತು, ಪ್ರಯಾಣವೂ ಉಳಿಯುತ್ತಿತ್ತು.

ದಾರಿಯಲ್ಲಿ ಎಲ್ಲಿ ಸೋರುತ್ತಿದೆ

ಈ ಬರಹದಲ್ಲಿ ಒಂದೇ ಭಾಗ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಒಳ್ಳೆಯ ವೈರ್‌ನ ಎರಡು ತುದಿಗಳ ನಡುವೆ ವೋಲ್ಟ್ ಹತ್ತಿರಹತ್ತಿರ ಸೊನ್ನೆ ಇರಬೇಕು. ಜಾಸ್ತಿ ಇದ್ದರೆ ಅಷ್ಟು ವೋಲ್ಟ್ ಆ ಜಾಗದಲ್ಲಿ ಬಿಸಿಯಾಗಿ ವ್ಯರ್ಥ ಹೋಗುತ್ತಿದೆ. ಕರೆಂಟ್ ಓಡುತ್ತಿರುವಾಗ ಮಾತ್ರ ಇದು ಕಾಣುತ್ತದೆ. ಹಾಗಾಗಿ ಗಾಡಿ ನಿಂತಾಗ ಓಮ್ಸ್ ಅಳೆದು, ಬೀಪ್ ಸದ್ದು ಕೇಳಿ 'ವೈರ್ ಸರಿ ಇದೆ' ಅನ್ನಬೇಡಿ. ಒಂದೇ ಎಳೆ ಉಳಿದಿದ್ದರೂ ಮೀಟರ್ ಬೀಪ್ ಅನ್ನುತ್ತದೆ.

ಮೊದಲು ಅರ್ತ್ ಕಡೆ. ಮೀಟರಿನ ಕೆಂಪು ಕಡ್ಡಿಯನ್ನು ಎಂಜಿನ್ ಬ್ಲಾಕಿನ ಬಣ್ಣ ಇಲ್ಲದ ಲೋಹಕ್ಕೆ ಒತ್ತಿ, ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಗೂಟಕ್ಕೆ. ಸೆಲ್ಫ್ ಹೊಡೆಸಿ. 0.2, ಹೆಚ್ಚೆಂದರೆ 0.3 ವೋಲ್ಟ್ ಒಳಗೆ ಇರಬೇಕು. ನಮ್ಮದು 1.9 ತೋರಿಸಿತು.

ಜಾಸ್ತಿ ಬಂದರೆ ದಾರಿಯನ್ನು ತುಂಡುತುಂಡಾಗಿ ಅಳೆಯುತ್ತಾ ಹೋಗಿ. ಮೈನಸ್ ಗೂಟದಿಂದ ಅದರ ಮೇಲಿನ ಕ್ಲಾಂಪ್. ಕ್ಲಾಂಪಿನಿಂದ ಬಾಡಿಯ ಬೋಲ್ಟ್. ಬೋಲ್ಟಿನಿಂದ ಪಕ್ಕದ ಬಾಡಿ ತಗಡು. ಬಾಡಿಯಿಂದ ಎಂಜಿನ್. ಪ್ರತಿ ತುಂಡಿಗೂ ಒಂದು ಸಲ ಸೆಲ್ಫ್, ನಡುವೆ ಅರ್ಧ ನಿಮಿಷ ಬಿಡುವು. ಅಂಕಿ ಎಲ್ಲಿ ದಿಢೀರ್ ಏರುತ್ತದೋ ದೋಷ ಅಲ್ಲೇ ಇದೆ. ಗೂಟಕ್ಕೂ ಅದರ ಮೇಲೆ ಕೂತ ಕ್ಲಾಂಪಿಗೂ ನಡುವೆಯೇ ಅರ್ಧ ವೋಲ್ಟ್ ಕಂಡದ್ದುಂಟು. ಬಿಚ್ಚಿ ನೋಡಿದರೆ ಒಳಗೆ ಕಪ್ಪು ಪದರ ಇರುತ್ತದೆ, ಹೊರಗೆ ಮಾತ್ರ ಹೊಳಪು.

ಪ್ಲಸ್ ಕಡೆಯೂ ಹೀಗೆಯೇ. ಕೆಂಪು ಕಡ್ಡಿ ಪ್ಲಸ್ ಗೂಟಕ್ಕೆ, ಕಪ್ಪು ಕಡ್ಡಿ ಸೆಲ್ಫ್ ಮೋಟಾರಿನ ದೊಡ್ಡ ಬೋಲ್ಟಿಗೆ. ಅರ್ಧ ವೋಲ್ಟ್ ಒಳಗೆ ಇದ್ದರೆ ಸರಿ. ಆ ಬೋಲ್ಟ್ ಕೆಳಗೆ ಇಕ್ಕಟ್ಟಿನಲ್ಲಿರುತ್ತದೆ, ಯಾವಾಗಲೂ ಕರೆಂಟ್ ಇರುತ್ತದೆ. ಸ್ಪ್ಯಾನರ್ ತಾಗಿ ಬಾಡಿಗೆ ಮುಟ್ಟಿದರೆ ಬೆಂಕಿಯೇ ಹಾರುತ್ತದೆ. ಕೈ ಸರಿಯಾಗಿ ಹೋಗದಿದ್ದರೆ ಈ ಅಳತೆಯನ್ನು ಗ್ಯಾರೇಜಿಗೆ ಬಿಡಿ.

ಮೀಟರ್ ಇಲ್ಲದ ಜಾಗದಲ್ಲಿ ಆ ಎಲೆಕ್ಟ್ರಿಷಿಯನ್ ಮಾಡಿದ್ದನ್ನೇ ಮಾಡಿ. ಜಂಪರ್ ಕೇಬಲ್‌ನಲ್ಲಿ ಮೈನಸ್ ಗೂಟದಿಂದ ನೇರ ಎಂಜಿನ್ ಲೋಹಕ್ಕೆ. ಸೆಲ್ಫ್ ಹುಷಾರಾದರೆ ಅರ್ತ್ ದೋಷ ಖಚಿತ. ಬೇರೆ ದಾರಿ ಇಲ್ಲದಿದ್ದರೆ ಆ ಕೇಬಲನ್ನು ಬೆಲ್ಟ್, ಫ್ಯಾನು, ಸೈಲೆನ್ಸರ್ ಪೈಪಿನಿಂದ ದೂರ ಕಟ್ಟಿಕೊಂಡು ಹತ್ತಿರದ ಪೇಟೆವರೆಗೆ ನಿಧಾನವಾಗಿ ಹೋಗಬಹುದು.

ಹೊಸ ಬ್ಯಾಟರಿಯೂ ಯಾಕೆ ಖಾಲಿಯಾಯಿತು

ಸ್ಟಾರ್ಟ್ ಆಗದ್ದು ಅರ್ತ್‌ನಿಂದ, ಒಪ್ಪಿದೆ. ಫ್ರಿಜ್ ಯಾಕೆ ನಿಂತಿತು ಅಂತ ಭಾವ ಕೇಳಿದ. ಉತ್ತರ ಅದೇ ಪಟ್ಟಿಯಲ್ಲಿತ್ತು.

ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್ ಎಂಜಿನ್ ಮೇಲೆ ಕೂತಿರುತ್ತದೆ. ಅದರ ಕರೆಂಟ್ ಬ್ಯಾಟರಿಗೆ ಹೋಗಿ ವಾಪಸ್ ಬರುವುದೂ ಎಂಜಿನ್ ಅರ್ತ್ ಮೂಲಕವೇ. ಹಳೆಯ ಗಾಡಿಗಳಲ್ಲಿ ಸಾಮಾನ್ಯವಾಗಿ ಆಲ್ಟರ್ನೇಟರ್ ತನ್ನ ಬಾಯಲ್ಲಿ ಎಷ್ಟು ವೋಲ್ಟ್ ಇದೆ ಅಂತ ಮಾತ್ರ ನೋಡಿಕೊಳ್ಳುತ್ತದೆ. ಬ್ಯಾಟರಿಗೆ ಎಷ್ಟು ತಲುಪಿತು ಅಂತ ಅದಕ್ಕೆ ಗೊತ್ತಿಲ್ಲ. ಹೆಡ್‌ಲೈಟ್, ಎಸಿ ಫ್ಯಾನ್ ಹಾಕಿ ಅಳೆದಾಗ ನಮ್ಮ ಆಲ್ಟರ್ನೇಟರ್ ಮೇಲೆ 14.2 ಇತ್ತು, ಬ್ಯಾಟರಿ ಗೂಟದಲ್ಲಿ 13.6. ನಡುವೆ 0.6 ವೋಲ್ಟ್ ಆ ಪಟ್ಟಿ ತಿನ್ನುತ್ತಿತ್ತು. ಸಣ್ಣದು ಅನ್ನಿಸುತ್ತದೆ ಅಲ್ವಾ? ಆದರೆ 13.6ರಲ್ಲಿ ಸೀಸದ ಬ್ಯಾಟರಿ ತುಂಬುವುದು ಬಹಳ ನಿಧಾನ. ಹಗಲು ಐದಾರು ಗಂಟೆ ಓಡಿಸಿದರೂ ಪೂರ್ತಿ ತುಂಬುತ್ತಿರಲಿಲ್ಲ. ರಾತ್ರಿ ಫ್ರಿಜ್ ಕುಡಿದದ್ದು ವಾಪಸ್ ಬರುತ್ತಿರಲಿಲ್ಲ. ಎರಡನೇ ರಾತ್ರಿಗೆ ಬ್ಯಾಟರಿ ಅರ್ಧದಲ್ಲೇ ಕೆಲಸ ಶುರು ಮಾಡುತ್ತಿತ್ತು.

ನೀವೂ ಹೀಗೆ ಅಳೆಯಿರಿ. ಎಂಜಿನ್ ಓಡುತ್ತಿರಲಿ, ಹೆಡ್‌ಲೈಟ್, ಫ್ಯಾನ್, ವೈಪರ್ ಎಲ್ಲ ಹಾಕಿ. ಬ್ಯಾಟರಿ ಗೂಟದಲ್ಲಿ 13.8ರಿಂದ 14.5 ಬಂದರೆ ಸರಿ. ಲೋಡ್ (ಲೈಟ್, ಫ್ಯಾನ್‌ನಂಥವು) ಇಲ್ಲದಾಗ 14.3 ಇದ್ದು ಲೋಡ್ ಹಾಕಿದ ಕೂಡಲೇ 13ಕ್ಕೆ ಇಳಿದರೆ ಬೆಲ್ಟ್ ಜಾರುತ್ತಿದೆಯೇ ನೋಡಿ, ಆಮೇಲೆ ಜೋಡಣೆ, ಕೊನೆಗೆ ಆಲ್ಟರ್ನೇಟರ್. ಮಳೆಗಾಲದ ರಾತ್ರಿ ಶಿರಾಡಿ ಹತ್ತುವಾಗ ಹೆಡ್‌ಲೈಟ್, ವೈಪರ್, ಫ್ಯಾನ್, ಹಿಂದಿನ ಗಾಜಿನ ಹೀಟರ್ ಎಲ್ಲ ಸೇರಿದರೆ ಮೂವತ್ತು, ನಲವತ್ತು ಆಂಪ್ಸ್ ಬೇಕು. ಈ ದೋಷ ಬಯಲಿಗೆ ಬರುವುದು ಹೆಚ್ಚಾಗಿ ಅಂಥ ರಾತ್ರಿಯಲ್ಲೇ.

ಒಂದು ಎಚ್ಚರಿಕೆ. ಹೊಸ ಗಾಡಿಗಳಲ್ಲಿ, ಮುಖ್ಯವಾಗಿ 2020ರ ನಂತರದ ಬಿಎಸ್-6 ಗಾಡಿಗಳಲ್ಲಿ, ಆಲ್ಟರ್ನೇಟರನ್ನು ಕಂಪ್ಯೂಟರೇ ನಡೆಸುವುದು ಸಾಮಾನ್ಯ. ಒಮ್ಮೆ 12.7, ಒಮ್ಮೆ 14.8 ತೋರಿಸಬಹುದು. ಅದು ದೋಷ ಅಲ್ಲ. ಹತ್ತು ನಿಮಿಷ ನೋಡಿ ನಿರ್ಧರಿಸಿ.

ನಿಂತಲ್ಲೇ ಕರೆಂಟ್ ಕುಡಿಯುವವರು

ಜೋಡಣೆ ಸರಿ, ಚಾರ್ಜಿಂಗ್ ಸರಿ, ಆದರೂ ಎರಡು ಮೂರು ದಿನ ನಿಲ್ಲಿಸಿದರೆ ಬ್ಯಾಟರಿ ಇಳಿಯುತ್ತದೆ ಅಂದರೆ ಯಾವುದೋ ಒಂದು ಸದಾ ಕುಡಿಯುತ್ತಿದೆ. ಮೈನಸ್ ವೈರ್ ಬಿಚ್ಚಿ, ಮೀಟರನ್ನು 10 ಆಂಪ್ಸ್‌ಗೆ ಇಟ್ಟು, ಗೂಟಕ್ಕೂ ವೈರಿಗೂ ನಡುವೆ ಸೇರಿಸಿ. ಬಾಗಿಲ ಲಾಕನ್ನು ಸ್ಕ್ರೂಡ್ರೈವರ್‌ನಿಂದ ಮುಚ್ಚಿದಂತೆ ಒತ್ತಿಡಿ, ಇಲ್ಲದಿದ್ದರೆ ಒಳಗಿನ ಕಂಪ್ಯೂಟರುಗಳು ಮಲಗುವುದಿಲ್ಲ. ಅರ್ಧ, ಮುಕ್ಕಾಲು ಗಂಟೆ ಕಾಯಿರಿ. 50 ಮಿಲಿಆಂಪ್ಸ್ ಒಳಗಿದ್ದರೆ ಒಳ್ಳೆಯದು. ಮೀಟರ್ ಹೀಗಿರುವಾಗ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬೇಡಿ. ಮೀಟರಿನ ಫ್ಯೂಸ್ ಹೋಗುತ್ತದೆ, ಮೀಟರೇ ಹೋಗಲೂಬಹುದು.

50 ಮಿಲಿಆಂಪ್ಸ್ ಅಂದರೆ ದಿನಕ್ಕೆ 1.2 ಆಂಪ್ ಅವರ್ (ಒಂದು ಆಂಪ್ ಒಂದು ಗಂಟೆ ಹರಿದರೆ ಒಂದು ಆಂಪ್ ಅವರ್). ಪಾರ್ಕಿಂಗ್‌ನಲ್ಲೂ ಓಡುವ ಡ್ಯಾಶ್‌ಕ್ಯಾಮ್ 400 ಮಿಲಿಆಂಪ್ಸ್ ಎಳೆದರೆ ದಿನಕ್ಕೆ 9.6. ಮೂರು ದಿನಕ್ಕೆ 29, ಅಂದರೆ 65 ಆಂಪ್ ಅವರ್ ಬ್ಯಾಟರಿಯ ಹತ್ತಿರಹತ್ತಿರ ಅರ್ಧ. ಯಾರು ಕುಡಿಯುತ್ತಿದ್ದಾರೆ ಅಂತ ಹುಡುಕಲು ಫ್ಯೂಸ್ ಕೀಳಬೇಕಾಗಿಲ್ಲ. ಮೀಟರನ್ನು ಮಿಲಿವೋಲ್ಟ್‌ಗೆ ಇಟ್ಟು ಪ್ರತಿ ಫ್ಯೂಸಿನ ತಲೆಯ ಮೇಲಿನ ಎರಡು ಚುಕ್ಕಿಗಳಿಗೆ ಕಡ್ಡಿ ತಾಗಿಸಿ. ಸೊನ್ನೆ ಬಂದರೆ ಅಲ್ಲಿ ಕರೆಂಟ್ ಇಲ್ಲ. ಅಂಕಿ ಬಂದರೆ ಆ ಫ್ಯೂಸಿನ ಹಿಂದೆ ಏನಿದೆ ಅಂತ ನೋಡಿ. ಮಳೆಗಾಲ ಕಳೆದ ಮೇಲೆ ಇಲಿ ಕಡಿದ ವೈರ್ ಕೂಡ ಹೀಗೇ ಸಿಕ್ಕಿಬೀಳುತ್ತದೆ. ಬಾನೆಟ್ ಒಳಗೆ ಹಿಕ್ಕೆ ಕಂಡರೆ ಅಲ್ಲಿಂದಲೇ ಶುರು ಮಾಡಿ.

ಫ್ರಿಜ್ ಮಾತ್ರ ನಿಲ್ಲುತ್ತಿದ್ದರೆ

ಬಹುಮಟ್ಟಿಗೆ ಫ್ರಿಜ್‌ನದ್ದು ತಪ್ಪಿರುವುದಿಲ್ಲ, ಹಿಂದಿನ ಸಾಕೆಟ್ಟಿಗೆ ಎಳೆದ ಸಪೂರ ವೈರ್‌ನದ್ದು. ಲೆಕ್ಕ ನೋಡಿ. ಕಂಪ್ರೆಸರ್ ಓಡುವಾಗ ಫ್ರಿಜ್ ಸುಮಾರು 5 ಆಂಪ್ಸ್ ಎಳೆಯುತ್ತದೆ. ಬ್ಯಾಟರಿಯಿಂದ ಡಿಕ್ಕಿಗೆ 5 ಮೀಟರ್, ಹೋಗಿ ಬರಲು 10 ಮೀಟರ್. 1 ಚದರ ಮಿ.ಮೀ. ವೈರ್ ಆದರೆ 0.9 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಬ್ಯಾಟರಿಯಲ್ಲಿ 12.3 ಇದ್ದರೂ ಫ್ರಿಜ್‌ಗೆ ಕಾಣುವುದು 11.4. ಬ್ಯಾಟರಿ ಖಾಲಿಯಾಯಿತು ಅಂತ ತಿಳಿದು ಅದು ನಿಲ್ಲುತ್ತದೆ. 4 ಚದರ ಮಿ.ಮೀ. ಹಾಕಿದರೆ ನಷ್ಟ ಕಾಲು ವೋಲ್ಟ್‌ಗೆ ಇಳಿಯುತ್ತದೆ. 6 ಹಾಕಿದರೆ 0.15.

ಪರೀಕ್ಷೆ ಸುಲಭ. ಕಂಪ್ರೆಸರ್ ಓಡುತ್ತಿರುವಾಗ ಬ್ಯಾಟರಿ ಗೂಟದಲ್ಲಿ ಒಮ್ಮೆ, ಸಾಕೆಟ್ಟಿನಲ್ಲಿ ಒಮ್ಮೆ ಅಳೆಯಿರಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ವೈರ್ ಬದಲಿಸಿ. ಸಾಕೆಟ್ಟನ್ನೂ ಮುಟ್ಟಿ ನೋಡಿ. ಸಿಗರೇಟ್ ಲೈಟರ್ ಮಾದರಿಯ ಸಾಕೆಟ್ ಕುಲುಕಾಟಕ್ಕೆ ಸಡಿಲವಾಗುತ್ತದೆ, ಬಿಸಿಯಾಗುತ್ತದೆ, ಪ್ಲಾಸ್ಟಿಕ್ ಕರಗುತ್ತದೆ. ಒತ್ತಿದರೆ 'ಕ್ಲಿಕ್' ಅಂತ ಕೂರುವ ಗಟ್ಟಿ ಕನೆಕ್ಟರ್ ಹಾಕಿಸಿ. ಟಯರ್‌ಗೆ ಗಾಳಿ ತುಂಬುವ ದೊಡ್ಡ ಪಂಪನ್ನು ಈ ಸಾಕೆಟ್ಟಿಗೆ ಹಾಕಲೇಬೇಡಿ. ಅದಕ್ಕೆ ನೇರ ಬ್ಯಾಟರಿಯಿಂದ ಕ್ಲಿಪ್.

ಹೊಸ ವೈರ್ ಎಳೆಯುವವರು ಪ್ಲಸ್ ಗೂಟದಿಂದ ಒಂದು ಗೇಣಿನ ಒಳಗೇ ಫ್ಯೂಸ್ ಹಾಕಬೇಕು. ಫ್ಯೂಸ್ ಇರುವುದು ವೈರ್ ಕಾಪಾಡಲು. ಮೂರು ಮೀಟರ್ ಆಚೆ ಫ್ಯೂಸ್ ಹಾಕಿದರೆ ಆ ಮೂರು ಮೀಟರಿಗೆ ದಿಕ್ಕಿಲ್ಲ. ಫ್ರಿಜ್ ಒಂದಕ್ಕೇ ಆದರೆ 15 ಆಂಪ್ಸ್ ಸಾಕು. ಮೈನಸ್ ಗೂಟದ ಮೇಲೆ ಕರೆಂಟ್ ಅಳೆಯುವ ಚಿಕ್ಕ ಸೆನ್ಸರ್ ಕೂತಿರುವ ಗಾಡಿಗಳಲ್ಲಿ ಹೊಸ ಮೈನಸ್ ವೈರನ್ನು ಗೂಟಕ್ಕೆ ಕೊಡದೆ ಬಾಡಿಯ ಅರ್ತ್ ಬೋಲ್ಟಿಗೆ ಕೊಡಿ, ಇಲ್ಲದಿದ್ದರೆ ಸೆನ್ಸರ್ ಲೆಕ್ಕ ತಪ್ಪುತ್ತದೆ.

ಫ್ರಿಜ್‌ನಲ್ಲಿ ಬ್ಯಾಟರಿ ರಕ್ಷಣೆಗೆ ಹೈ, ಮೀಡಿಯಮ್, ಲೋ ಅಂತ ಇರುತ್ತದೆ. ಒಂದೇ ಬ್ಯಾಟರಿ ಇದ್ದವರು ಹೈನಲ್ಲೇ ಇಡಿ. ಬೇಗ ನಿಲ್ಲುತ್ತದೆ ಅಂತ ಲೋಗೆ ಇಳಿಸಿದರೆ ಮೀನು ಉಳಿಯಬಹುದು, ಗಾಡಿ ಸ್ಟಾರ್ಟ್ ಆಗಲಿಕ್ಕಿಲ್ಲ. ನಮ್ಮ ಸೆಕೆಯಲ್ಲಿ ಕಂಪ್ರೆಸರ್ ಅರ್ಧ ಹೊತ್ತು ಓಡುತ್ತದೆ ಅಂತ ಹಿಡಿದರೂ ಹನ್ನೆರಡು ಗಂಟೆಗೆ 25ರಿಂದ 30 ಆಂಪ್ ಅವರ್ ಬೇಕು. 65ರ ಬ್ಯಾಟರಿಗೆ ಒಂದು ರಾತ್ರಿ ಸರಿ. ಓಡಿಸದೆ ಎರಡು ರಾತ್ರಿ ಒಂದೇ ಕಡೆ ನಿಲ್ಲುವವರಿಗೆ ಎರಡನೇ ಬ್ಯಾಟರಿ ಬೇಕೇ ಬೇಕು.

ಕಿಲುಬು ತೆಗೆದು ಜೋಡಣೆ ಕಟ್ಟುವುದು

ಟರ್ಮಿನಲ್ ಮೇಲೆ ಬಿಳಿ, ಹಸಿರು ಹೂವು ಬಿಟ್ಟಿದ್ದರೆ ಎರಡು ಚಮಚ ಅಡುಗೆ ಸೋಡವನ್ನು ಒಂದು ಲೋಟ ನೀರಿಗೆ ಹಾಕಿ ಸುರಿಯಿರಿ. ನೊರೆ ಬರುವುದು ನಿಂತ ಮೇಲೆ ಒಳ್ಳೆಯ ನೀರಿನಲ್ಲಿ ತೊಳೆದು ಒರೆಸಿ. ಸೆಲ್ ಮುಚ್ಚಳಗಳು ಬಿಗಿಯಾಗಿರಲಿ, ಸೋಡ ಒಳಗೆ ಹೋಗಬಾರದು. ಗೂಟವನ್ನೂ ಕ್ಲಾಂಪಿನ ಒಳಮೈಯನ್ನೂ ಲೋಹ ಹೊಳೆಯುವವರೆಗೆ ಉಜ್ಜಿ. ಅರ್ತ್ ಬೋಲ್ಟ್ ಬಿಚ್ಚಿ, ಲಗ್ ಕೂರುವಷ್ಟು ಜಾಗದಲ್ಲಿ ಬಾಡಿ ಬಣ್ಣವನ್ನೂ ತುಕ್ಕನ್ನೂ ತೆಗೆದು ಬರೀ ಲೋಹ ಕಾಣಿಸಿ. ಮೊದಲು ಬಿಗಿ ಮಾಡಿ, ಆಮೇಲೆ ಮೇಲಿಂದ ಗ್ರೀಸ್ ಅಥವಾ ವ್ಯಾಸ್ಲಿನ್ ದಪ್ಪಗೆ ಬಳಿಯಿರಿ. ತೇವ ಒಳಗೆ ಹೋಗದ ಹಾಗೆ ತಡೆಯುವುದು ಅದರ ಕೆಲಸ.

ಹೆಣೆದ ಪಟ್ಟಿ ಕಿಲುಬು ಹಿಡಿದಿದ್ದರೆ ತೊಳೆದು ವಾಪಸ್ ಹಾಕಬೇಡಿ. ಎಳೆಗಳ ಒಳಗೆ ಬ್ರಶ್ ಹೋಗುವುದಿಲ್ಲ. ನಾನು ಅದರ ಜಾಗಕ್ಕೆ 25 ಚದರ ಮಿ.ಮೀ.ಯ ರಬ್ಬರ್ ಹೊದಿಕೆ ವೈರ್ ಹಾಕಿಸಿದೆ. ಎಂಜಿನ್ ಅಲ್ಲಾಡಲು ಸ್ವಲ್ಪ ಸಡಿಲ ಬಿಟ್ಟು, ಲಗ್‌ಗಳನ್ನು ಪ್ರೆಸ್‌ನಲ್ಲಿ ಒತ್ತಿ ಕ್ರಿಂಪ್ ಮಾಡಿಸಿ, ಅದರ ಮೇಲೆ ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಕೊಳವೆ) ಹೊದಿಸಿದೆವು. ಬೋಟುಗಳಿಗೆಂದೇ ಬರುವ, ತವರ ಲೇಪಿಸಿದ ತಾಮ್ರದ ವೈರ್ ಸಿಕ್ಕರೆ ಇನ್ನೂ ಒಳ್ಳೆಯದು, ಬೆಲೆ ಜಾಸ್ತಿ. ಸುತ್ತಿಗೆಯಲ್ಲಿ ಬಡಿದ ಲಗ್, ಬರೀ ಟೇಪ್ ಸುತ್ತಿದ ಜೋಡಣೆ ಇವೆರಡನ್ನೂ ಒಪ್ಪಬೇಡಿ. ಟೇಪಿನ ಒಳಗೆ ನೀರು ಹೋಗುತ್ತದೆ, ಹೊರಗೆ ಬರುವುದಿಲ್ಲ.

ಹೊಸ ಪಟ್ಟಿ ಹಾಕಿದ ಮೇಲೆ ಅದೇ ಜಾಗದಲ್ಲಿ ಅಳೆದಾಗ 1.9 ಇದ್ದದ್ದು 0.12ಕ್ಕೆ ಬಂತು. ಲೋಡ್ ಹಾಕಿಯೂ ಬ್ಯಾಟರಿಯಲ್ಲಿ 14.1.

ಹೊರಡುವ ಎರಡು ವಾರ ಮೊದಲು

ಮನೆ ಅಂಗಳದಲ್ಲೇ ಒಂದು ರಾತ್ರಿ ಪ್ರಯಾಣ ಮಾಡಿ. ಫ್ರಿಜ್‌ನಲ್ಲಿ ನೀರಿನ ಬಾಟಲಿ ತುಂಬಿಸಿ, ಕ್ಯಾಂಪಿನಲ್ಲಿ ಉರಿಸುವ ಲೈಟ್ ಎಲ್ಲ ಉರಿಸಿ, ಫೋನ್ ಚಾರ್ಜಿಗೆ ಹಾಕಿ, ಗಾಡಿಯಲ್ಲೇ ಮಲಗಿ. ರಾತ್ರಿ ಹತ್ತಕ್ಕೆ, ಬೆಳಗ್ಗೆ ಆರಕ್ಕೆ ವೋಲ್ಟೇಜ್ ಬರೆದಿಡಿ. ಆಮೇಲೆ ಆಗುಂಬೆ ಹತ್ತಿ ಇಳಿದು ಬನ್ನಿ. ಉಡುಪಿಯಿಂದ ಅರ್ಧ ದಿನದ ಕೆಲಸ, ಹದಿನಾಲ್ಕು ಹೇರ್‌ಪಿನ್ ತಿರುವುಗಳ ಕುಲುಕಾಟದಲ್ಲಿ ಸಡಿಲ ಇದ್ದದ್ದು ಗೊತ್ತಾಗುತ್ತದೆ. ಬಂದ ಮೇಲೆ ನೀವೇ ಹಾಕಿದ ಪ್ರತಿ ಬೋಲ್ಟನ್ನೂ ಮತ್ತೆ ಬಿಗಿ ಮಾಡಿ. ಎರಡು ವಾರ ಯಾಕೆ ಅಂದರೆ, ವೈರ್ ತರಿಸಲು, ಲಗ್ ಹಾಕಿಸಲು, ಇನ್ನೊಂದು ರಾತ್ರಿ ಪರೀಕ್ಷೆ ಮಾಡಲು ಅಷ್ಟು ದಿನ ಬೇಕಾಗುತ್ತದೆ.

ನಮ್ಮ ಗಾಡಿಯ ಬಾನೆಟ್ ಒಳಗೆ ಈಗ ಒಂದು ಲ್ಯಾಮಿನೇಟ್ ಮಾಡಿದ ಚೀಟಿ ಅಂಟಿಸಿದ್ದೇವೆ. ನಿಂತಾಗ, ಸೆಲ್ಫ್ ಹೊಡೆಯುವಾಗ, ಎಂಜಿನ್ ಓಡುವಾಗ, ಅರ್ತ್ ಕಡೆ ಎಷ್ಟು ಅಂತ ನಾಲ್ಕು ಅಂಕಿ, ಪಕ್ಕದಲ್ಲಿ ಅಳೆದ ತಾರೀಖು. ದಾರಿಯಲ್ಲಿ ಎಲ್ಲೇ ಅನುಮಾನ ಬಂದರೂ ಗಾಡಿ ಚೆನ್ನಾಗಿದ್ದ ದಿನದ ಅಂಕಿ ಕಣ್ಣೆದುರೇ ಇರುತ್ತದೆ. ಭಾವ ಅದರ ಕೆಳಗೆ ಮಾರ್ಕರ್ ಪೆನ್ನಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದಾನೆ: "ಮೊದಲು ಮೀಟರ್, ಆಮೇಲೆ ಬ್ಯಾಟರಿ ಅಂಗಡಿ."